ಮಸಾಯಿ ಮಾರಾದಲ್ಲಿ ಒಂದು ದಿನ: ಬೆಳಗಿನ ಜಾವದಿಂದ ಕತ್ತಲಾಗುವವರೆಗೆ ಸಫಾರಿ ಮಾಡುವುದು ಹೇಗೆ?

ಕೀನ್ಯಾದ ನೈಋತ್ಯ ಮೂಲೆಯಲ್ಲಿ, ಟಾಂಜಾನಿಯಾ ಗಡಿಗೆ ಅಂಟಿಕೊಂಡು ಮಸಾಯಿ ಮಾರಾ ಮೀಸಲು ಪ್ರದೇಶ ಇದೆ. ವಿಸ್ತೀರ್ಣ 1,510 ಚದರ ಕಿಲೋಮೀಟರ್. ಗಡಿಯಾಚೆ ಇರುವುದು ಸೆರೆಂಗೆಟಿ. ಮಾರಾದಲ್ಲಿ ಬಹುಪಾಲು ಬರೀ ಹುಲ್ಲು. ಅಲ್ಲೊಂದು ಇಲ್ಲೊಂದು ಒಂಟಿ ಮರ, ನದಿ ದಂಡೆಯಲ್ಲಿ ಮಾತ್ರ ದಟ್ಟವಾದ ಮರಗಳ ಸಾಲು. ಕಣ್ಣು ಹಾಯಿಸಿದಷ್ಟೂ ಬಯಲು. ಹಾಗಾಗಿ ಇಲ್ಲಿ ಪ್ರಾಣಿ ಸಿಗುವುದು ಕಷ್ಟವಲ್ಲ. ಸಿಕ್ಕ ಪ್ರಾಣಿಯನ್ನು ಕೂತು ನೋಡುವುದೇ ಕಷ್ಟ.

ನಮ್ಮಲ್ಲಿ ಬಹಳ ಜನ ಕಾಡು ನೋಡಲು ಕಲಿತಿದ್ದು ಕಬಿನಿ, ಬಂಡೀಪುರ, ಭದ್ರಾದಲ್ಲಿ. ಅಲ್ಲಿ ಸುಮಾರು ಮೂರು ಗಂಟೆಯ ಸಫಾರಿ. ಎರಡೂ ಕಡೆ ಲಂಟಾನಾ ಪೊದೆ. ಹುಲಿ ಕಂಡರೆ ಅರ್ಧ ನಿಮಿಷ ಕಂಡೀತು. ಹೀಗಾಗಿ ‘ಬೇಗ ಹೋಗು, ಬೇಗ ನೋಡು, ಮುಂದಿನದಕ್ಕೆ ನಡಿ’ ಅನ್ನುವುದು ಅಭ್ಯಾಸವಾಗಿಬಿಟ್ಟಿದೆ. ಅದೇ ಅಭ್ಯಾಸವನ್ನು ಮಾರಾಕ್ಕೆ ಒಯ್ದರೆ ದಿನವಿಡೀ ಗಾಡಿಯಲ್ಲಿ ಕುಲುಕಾಡಿ, ಐದು ಪ್ರಾಣಿಯ ಪಟ್ಟಿಗೆ ಟಿಕ್ ಹಾಕಿ, ಮೈಕೈ ನೋವು ಮಾಡಿಕೊಂಡು ಬರುತ್ತೀರಿ. ‘ಬಿಗ್ ಫೈವ್’ ಅನ್ನುವ ಆ ಪಟ್ಟಿಯೂ ಬೇಟೆಗಾರರದ್ದು. ನಡೆದುಕೊಂಡು ಹೋಗಿ ಹೊಡೆಯಲು ಅಪಾಯಕಾರಿ ಅನ್ನಿಸಿದ ಐದು ಪ್ರಾಣಿಗಳು: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಕೋವಿ ಇಲ್ಲದೆ ಹೋಗುವ ನಮಗೆ ಆ ಪಟ್ಟಿ ಯಾಕೆ? ಅದರಲ್ಲಿ ಚೀತಾ ಇಲ್ಲ, ಜಿರಾಫೆ ಇಲ್ಲ, ಕತ್ತೆಕಿರುಬ ಇಲ್ಲ.

ಊರು ಬಿಡುವ ಮುಂಚೆ

ಇದನ್ನು ಬೇಗ ಮುಗಿಸೋಣ. ಕೀನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿ ತೆಗೆದು ಆನ್‌ಲೈನ್ ಪ್ರಯಾಣ ಅನುಮತಿ ಪದ್ಧತಿ ತಂದಿದೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ಎರಡನೆಯದು ಹಳದಿ ಜ್ವರದ ಲಸಿಕೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೀನ್ಯಾದಿಂದ ವಾಪಸ್ ಬರುವಾಗ ಆ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಕಾರ್ಡಿಗೆ ಬೆಲೆ. ಆದ್ದರಿಂದ ಕೊನೆಯ ವಾರಕ್ಕೆ ಬಿಡಬೇಡಿ. ಮಾರಾದಲ್ಲಿ ಮಲೇರಿಯಾ ಇದೆ. ಮಾತ್ರೆ ಬೇಕಾ, ಯಾವುದು ಅಂತ ವೈದ್ಯರನ್ನೇ ಕೇಳಿ.

ಬಟ್ಟೆಯ ವಿಷಯದಲ್ಲಿ ಎಲ್ಲರೂ ಖಾಕಿ ಬಣ್ಣದ ಅಂಗಡಿಯನ್ನೇ ಖಾಲಿ ಮಾಡುತ್ತಾರೆ. ಅಷ್ಟೆಲ್ಲಾ ಬೇಕಿಲ್ಲ. ಮಣ್ಣಿನ ಬಣ್ಣ, ಮಾಸಲು ಹಸಿರು, ಬೂದು ಸಾಕು. ಎರಡು ಮಾತ್ರ ಬೇಡ. ಕಡು ನೀಲಿ ಮತ್ತು ಕಪ್ಪು ಬೇಡ, ತ್ಸೆತ್ಸೆ ನೊಣ ಆ ಬಣ್ಣಕ್ಕೆ ಬಂದು ಕಚ್ಚುತ್ತದೆ. ಸೈನಿಕರ ಮಾದರಿಯ ಮಚ್ಚೆ ಬಟ್ಟೆಯಂತೂ ಬೇಡವೇ ಬೇಡ, ಕೀನ್ಯಾದಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ಜೊತೆಗೆ ಒಳ್ಳೆಯ ಸ್ವೆಟರ್ ಇರಲಿ. ಆಫ್ರಿಕಾ ಅಂದರೆ ಸೆಖೆ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಮೇಲಿದೆ, ಮಡಿಕೇರಿಗಿಂತ ಎತ್ತರ. ಮೇಲ್ಛಾವಣಿ ತೆರೆದ ಗಾಡಿಯಲ್ಲಿ ಬೆಳಗಿನ ಆರು ಗಂಟೆಯ ಗಾಳಿ ನೇರ ಎದೆಗೆ ಹೊಡೆಯುತ್ತದೆ.

ಪ್ಲಾಸ್ಟಿಕ್ ಕವರ್ ಒಂದೂ ಒಯ್ಯಬೇಡಿ. ಕೀನ್ಯಾ 2017ರಲ್ಲೇ ಅದನ್ನು ನಿಷೇಧಿಸಿದೆ. 2020ರಿಂದ ಸಂರಕ್ಷಿತ ಪ್ರದೇಶಗಳ ಒಳಗೆ ಒಂದೇ ಸಲ ಬಳಸುವ ನೀರಿನ ಬಾಟಲಿಗೂ ನಿಷೇಧ ಇದೆ. ಸ್ಟೀಲ್ ಬಾಟಲಿ ಇರಲಿ. ಡ್ರೋನ್ ಮನೆಯಲ್ಲೇ ಬಿಡಿ.

ಎಲ್ಲಿ ಉಳಿಯಬೇಕು? ದಿನ ಹೇಗಿರುತ್ತದೆ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ

ಮಾರಾ ಅಂದರೆ ಒಂದೇ ಜಾಗ ಅಲ್ಲ. ಮೂರು ಭಾಗ ಅಂದುಕೊಳ್ಳಿ.

ಮಾರಾ ನದಿಯ ಪೂರ್ವಕ್ಕೆ ದೊಡ್ಡ ಭಾಗ. ನರೋಕ್ ಕೌಂಟಿ ಆಡಳಿತದ್ದು. ಸೆಕೆನಾನಿ, ತಾಲೆಕ್, ಮುಸಿಯಾರಾ ಗೇಟುಗಳು ಇರುವುದು ಈ ಕಡೆ. ನೈರೋಬಿಯಿಂದ ರಸ್ತೆಯಲ್ಲಿ ಬರುವವರು ಹೆಚ್ಚಾಗಿ ಬಂದು ಸೇರುವುದು ಇಲ್ಲಿಗೇ. ಪ್ರಾಣಿ ಧಾರಾಳ, ಗಾಡಿಗಳೂ ಧಾರಾಳ.

ನದಿಯ ಪಶ್ಚಿಮಕ್ಕೆ ಮಾರಾ ಟ್ರಯಾಂಗಲ್. ಸುಮಾರು 510 ಚದರ ಕಿಲೋಮೀಟರ್. 2001ರಿಂದ ಇದನ್ನು ಮಾರಾ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತಿದೆ. ರಸ್ತೆ ಚೆನ್ನಾಗಿವೆ, ನಿಯಮ ಬಿಗಿಯಾಗಿದೆ, ಗುಂಪು ಕಡಿಮೆ. ಒಲೊಲೊಲೊ ಬೆಟ್ಟದ ಸಾಲು ಹಿನ್ನೆಲೆಗೆ ನಿಂತಿರುತ್ತದೆ.

ಮೂರನೆಯದು ಮೀಸಲು ಪ್ರದೇಶದ ಉತ್ತರಕ್ಕೂ ಪೂರ್ವಕ್ಕೂ ಇರುವ ಖಾಸಗಿ ಕನ್ಸರ್ವೆನ್ಸಿಗಳು, ಅಂದರೆ ಕಾಡುಪ್ರಾಣಿಗಳಿಗಾಗಿ ಬಿಟ್ಟ ಖಾಸಗಿ ನೆಲ: ಮಾರಾ ನಾರ್ತ್, ನಬೋಯಿಶೊ, ಒಲಾರೆ ಮೊಟೊರೊಗಿ ಮುಂತಾದವು. ನೆಲ ಮಸಾಯಿ ಕುಟುಂಬಗಳದ್ದು. ಕ್ಯಾಂಪುಗಳು ಅವರಿಗೆ ತಿಂಗಳು ತಿಂಗಳು ಗುತ್ತಿಗೆ ಹಣ ಕೊಡುತ್ತವೆ. ಅಲ್ಲಿ ಉಳಿದವರಿಗಷ್ಟೇ ಒಳಗೆ ಪ್ರವೇಶ. ರಸ್ತೆ ಬಿಟ್ಟು ಇಳಿಯಬಹುದು, ರಾತ್ರಿ ಸಫಾರಿ ಮಾಡಬಹುದು, ಮಸಾಯಿ ಗೈಡ್ ಜೊತೆ ನಡೆದಾಡಬಹುದು. ಮುಖ್ಯ ಮೀಸಲಿನಲ್ಲಿ ಈ ಮೂರಕ್ಕೂ ಅವಕಾಶವಿಲ್ಲ. ದುಬಾರಿ, ನಿಜ. ಆದರೆ ಮೂರು ರಾತ್ರಿ ಇರುವವರು ಒಂದು ರಾತ್ರಿ ಕಡಿಮೆ ಮಾಡಿಯಾದರೂ ಕನ್ಸರ್ವೆನ್ಸಿಯಲ್ಲಿ ಉಳಿಯಲಿ ಅನ್ನುವುದು ನನ್ನ ಅಭಿಪ್ರಾಯ.

ಈಗ ದುಡ್ಡಿನ ಮಾತು. 2024ರ ದರದ ಪ್ರಕಾರ ಹೊರದೇಶದ ವಯಸ್ಕರಿಗೆ ಮುಖ್ಯ ಮೀಸಲಿನ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ಬೆಳಗ್ಗೆ 6ರಿಂದ ಸಂಜೆ 6ರವರೆಗೆ, 12 ಗಂಟೆಗೆ ಮಾತ್ರ. ಬುಕ್ ಮಾಡುವಾಗ ಈಗಿನ ದರ ಕೇಳಿಕೊಳ್ಳಿ. ಗೇಟಿನ ಹೊರಗೆ ಕಡಿಮೆ ಬೆಲೆಯ ಕ್ಯಾಂಪಿನಲ್ಲಿ ಉಳಿದವರು ಮಧ್ಯಾಹ್ನದ ಊಟಕ್ಕೆ ಅಂತ ಹೊರಗೆ ಬರಬೇಡಿ. ಬುತ್ತಿ ಕಟ್ಟಿಸಿಕೊಂಡು ಇಡೀ ದಿನ ಒಳಗೇ ಇರಿ. ಕೊಟ್ಟ ದುಡ್ಡಿಗೆ ಹನ್ನೆರಡು ಗಂಟೆ ಪೂರ್ತಿ ಬಳಸಿ.

ಗಾಡಿ, ಡ್ರೈವರ್

ನೈರೋಬಿಯಿಂದ ಅಗ್ಗದ ಪ್ಯಾಕೇಜ್ ತೆಗೆದುಕೊಂಡರೆ ಮೇಲ್ಛಾವಣಿ ಎತ್ತುವ ವ್ಯಾನ್ ಕೊಡುತ್ತಾರೆ. ಸ್ವಲ್ಪ ಜಾಸ್ತಿ ಕೊಟ್ಟರೆ ಫೋರ್ ವೀಲ್ ಡ್ರೈವ್ ಲ್ಯಾಂಡ್ ಕ್ರೂಸರ್. ಒಣ ದಿನಗಳಲ್ಲಿ ವ್ಯಾನ್ ನಡೆಯುತ್ತದೆ. ಮಳೆ ಬಿದ್ದರೆ ಕಷ್ಟ. ಮಾರಾದ ಎಷ್ಟೋ ಕಡೆ ನೆಲ ನಮ್ಮ ಗದಗ, ಧಾರವಾಡ ಕಡೆಯ ಎರೆ ಹೊಲದ ಹಾಗೆ ಕಪ್ಪು ಮಣ್ಣು. ಒಣಗಿದಾಗ ಬಿರುಕು ಬಿಡುತ್ತದೆ, ನೆನೆದರೆ ಚಕ್ರವನ್ನೇ ನುಂಗುತ್ತದೆ. ಮಾರ್ಚ್ ಕೊನೆಯಿಂದ ಮೇ ತನಕ ದೊಡ್ಡ ಮಳೆಗಾಲ. ಆ ಸಮಯದಲ್ಲಿ ಲ್ಯಾಂಡ್ ಕ್ರೂಸರ್ ಇಲ್ಲದೆ ಹೋಗಬೇಡಿ.

ಗಾಡಿಗಿಂತ ಡ್ರೈವರ್ ಮುಖ್ಯ. ಅವರೇ ಗೈಡ್ ಕೂಡ. ಕೀನ್ಯಾದಲ್ಲಿ ಸಫಾರಿ ಗೈಡ್‌ಗಳ ವೃತ್ತಿಪರ ಸಂಘವೊಂದು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ದರ್ಜೆಯ ಬ್ಯಾಡ್ಜ್ ಕೊಡುತ್ತದೆ. ಚಿನ್ನದ ದರ್ಜೆಯವರು ಬಹಳ ಕಡಿಮೆ. ಬುಕ್ ಮಾಡುವಾಗಲೇ ‘ನಮ್ಮ ಗೈಡ್ ಯಾವ ದರ್ಜೆಯವರು?’ ಅಂತ ಕೇಳಿ. ಬೆಳ್ಳಿ ಸಿಕ್ಕರೆ ಖುಷಿಪಡಿ.

ಒಂದು ಗಾಡಿಗೆ ಆರು ಜನ ಅಂದರೆ ಎಲ್ಲರಿಗೂ ಕಿಟಕಿ ಸಿಗುತ್ತದೆ, ಕೈಕಾಲು ಆಡಿಸಲು ಜಾಗ ಸಿಗುವುದಿಲ್ಲ. ನಾಲ್ಕು ಜನ ಇದ್ದರೆ ಸುಖ. ಗೊತ್ತಿಲ್ಲದವರ ಜೊತೆ ಗಾಡಿ ಹಂಚಿಕೊಂಡರೆ ದುಡ್ಡು ಉಳಿಯುತ್ತದೆ. ಆದರೆ ಅವರಿಗೆ ಪಟ್ಟಿ ಮುಗಿಸುವ ಅವಸರ ಇದ್ದರೆ ನಿಮ್ಮ ದಿನವೂ ಅದೇ ಅವಸರದಲ್ಲಿ ಹೋಗುತ್ತದೆ.

ಹಿಂದಿನ ರಾತ್ರಿ

ಊಟದ ಹೊತ್ತಿಗೆ ಡ್ರೈವರ್ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಬಹಳ ಜನ ಇದನ್ನು ಮಾಡುವುದೇ ಇಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ನೀವು ಏನೂ ಹೇಳದಿದ್ದರೆ, ಬಂದ ಎಲ್ಲ ಪ್ರವಾಸಿಗರಿಗೂ ಬೇಕಾಗಿರುವುದು ಸಿಂಹ, ಚಿರತೆ, ಘೇಂಡಾಮೃಗ ಅಂತ ಅವರು ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ರೇಡಿಯೊದಲ್ಲಿ ಸುದ್ದಿ ಬಂದ ಕಡೆಗೆಲ್ಲಾ ಗಾಡಿ ಓಡಿಸುತ್ತಾರೆ. ತಪ್ಪು ಅವರದಲ್ಲ. ಪ್ರಾಣಿ ಕಾಣಿಸದಿದ್ದರೆ ಬೈಗುಳ ತಿನ್ನುವವರು ಅವರೇ ತಾನೆ. ಹಾಗಾಗಿ ಬಿಡಿಸಿ ಹೇಳಿ: ‘ನಮಗೆ ಪಟ್ಟಿ ಮುಗಿಸುವ ಅವಸರ ಇಲ್ಲ. ಒಂದು ಪ್ರಾಣಿ ಸಿಕ್ಕರೆ ಒಂದು ಗಂಟೆ ಕೂರುತ್ತೇವೆ. ಗಾಡಿ ಗುಂಪು ಇರುವ ಕಡೆ ಬೇಡ. ಹಕ್ಕಿ ಕಂಡರೂ ನಿಲ್ಲಿಸಿ.’ ಆಮೇಲೆ ನೋಡಿ, ಅವರ ಮುಖವೇ ಬದಲಾಗುತ್ತದೆ. ತಮಗೆ ಇಷ್ಟವಾದ ಜಾಗಗಳಿಗೆ ಕರೆದುಕೊಂಡು ಹೋಗುತ್ತಾರೆ.

ಬುತ್ತಿಯ ವಿಷಯ ಅಡುಗೆಯವರಿಗೆ ರಾತ್ರಿಯೇ ಹೇಳಿ. ಸಸ್ಯಾಹಾರಿಗಳಿಗೆ ಕೀನ್ಯಾದಲ್ಲಿ ತೊಂದರೆ ಕಡಿಮೆ. ಅಲ್ಲಿನ ಭಾರತೀಯರಿಂದಾಗಿ ಚಪಾತಿ, ಸಮೋಸ, ಹಾಲು ಹಾಕಿದ ಚಹಾ ಎಲ್ಲವೂ ಕೀನ್ಯಾದ ಜನರ ದಿನನಿತ್ಯದ ತಿಂಡಿಯೇ ಆಗಿಹೋಗಿವೆ. ಆದರೆ ಬುತ್ತಿಯ ಡಬ್ಬಿಗೆ ಅಭ್ಯಾಸಬಲದಿಂದ ಕೋಳಿ ತುಂಡು ಹಾಕಿಬಿಡುತ್ತಾರೆ. ‘ಮೊಟ್ಟೆಯೂ ಬೇಡ’ ಅಂತಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳಿ. ಚಪಾತಿ ಮತ್ತು ಸುಕುಮಾ ವಿಕಿ ಸೊಪ್ಪಿನ ಪಲ್ಯ ಕಟ್ಟಿಕೊಡಿ ಅಂದರೆ ಸಂತೋಷದಿಂದ ಕಟ್ಟಿಕೊಡುತ್ತಾರೆ. ಮನೆಯ ಚಟ್ನಿಪುಡಿ ಜೊತೆಗಿದ್ದರೆ ಇನ್ನೇನು ಬೇಕು?

ಬೆಳಗ್ಗೆ 5ರಿಂದ 6:30

ಮಾರಾ ಭೂಮಧ್ಯರೇಖೆಗೆ ಹತ್ತಿರ. ವರ್ಷವಿಡೀ ಸೂರ್ಯ ಸುಮಾರು 6:30ಕ್ಕೆ ಹುಟ್ಟುತ್ತಾನೆ, ಸಂಜೆ ಸುಮಾರು 6:40ಕ್ಕೆ ಮುಳುಗುತ್ತಾನೆ. ಐದು ಗಂಟೆಗೆ ಎಚ್ಚರವಾದರೆ ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿ. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರದವರೆಗೂ ಕೇಳಿಸಬಲ್ಲದು. ಎದೆಯ ಆಳದಿಂದ ಬರುವ ಉದ್ದನೆಯ ದನಿ, ಆಮೇಲೆ ಗುರ್ ಗುರ್ ಅಂತ ಇಳಿಯುತ್ತಾ ಹೋಗುತ್ತದೆ. ‘ವೂ...ಪ್’ ಅಂತ ಮೇಲಕ್ಕೆ ಏರುವ ಕೂಗು ಕತ್ತೆಕಿರುಬದ್ದು. ಯಾವ ದಿಕ್ಕಿನಿಂದ ಬಂತು ಅಂತ ಗಮನಿಸಿ. ಡ್ರೈವರ್ ಕೂಡ ಅದನ್ನೇ ಕೇಳಿಸಿಕೊಂಡಿರುತ್ತಾರೆ. ಬೆಳಗಿನ ಮೊದಲ ದಾರಿ ಬಹಳ ಸಲ ಹೀಗೆಯೇ ನಿರ್ಧಾರವಾಗುವುದು.

ಚಹಾ, ಬಿಸ್ಕತ್ತು ಸಾಕು. ಹೊಟ್ಟೆ ತುಂಬಾ ತಿಂದು ಹೊರಡುವ ಸಮಯ ಇದಲ್ಲ. ಆರಕ್ಕೆ ಗೇಟ್ ತೆರೆಯುತ್ತದೆ. ಹೊರಗೆ ಉಳಿದವರು ಐದು ಮುಕ್ಕಾಲಿಗೆ ಗೇಟಿನ ಮುಂದೆ ಇರಬೇಕು. ಆರೂವರೆಗೆ ಹೊರಟರೂ ಪರವಾಗಿಲ್ಲ ಅನ್ನುವವರ ಮಾತು ಕೇಳಬೇಡಿ. ಇಡೀ ದಿನದಲ್ಲಿ ದೊಡ್ಡ ಬೆಕ್ಕುಗಳು ನಡೆದಾಡುತ್ತಾ ಇರುವ ಹೊತ್ತು ಅಂದರೆ ಇದೊಂದು, ಸಂಜೆ ಇನ್ನೊಂದು. ಬಿಸಿಲೇರಿದ ಮೇಲೆ ಸಿಂಹ ಮಲಗುತ್ತದೆ. ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಮಲಗುವ ಪ್ರಾಣಿ ಅದು.

ಬಿಸಿಗಾಳಿ ಬಲೂನ್ ಹತ್ತಬೇಕಾ ಅಂತ ಕೇಳುವವರು ಬಹಳ. ಒಂದು ಗಂಟೆಯ ಹಾರಾಟಕ್ಕೆ ಸುಮಾರು 450ರಿಂದ 500 ಡಾಲರ್. ಮೇಲಿನಿಂದ ಹುಲ್ಲುಗಾವಲು ನೋಡಲು ಚೆಂದವೇ. ಆದರೆ ದಿನದ ಒಳ್ಳೆಯ ಎರಡು ಗಂಟೆ ಅದಕ್ಕೇ ಹೋಗುತ್ತದೆ. ಒಂದೇ ದಿನ ಇದ್ದರೆ ಬೇಡ.

6:30ರಿಂದ 9:30: ಬಯಲನ್ನು ಓದುವುದು

ಬಂಡೀಪುರದಲ್ಲಿ ಜಿಂಕೆ ಕೂಗಿದರೆ, ಮುಸುವ ಕೆಮ್ಮಿದರೆ ಹುಲಿ ಹತ್ತಿರ ಇದೆ ಅಂತ ಗೊತ್ತಾಗುತ್ತದೆ ಅಲ್ವಾ? ಮಾರಾದಲ್ಲಿ ಕಿವಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಸುಳಿವು ಕೊಡುವುದು ಹುಲ್ಲು ಮೇಯುವ ಪ್ರಾಣಿಗಳು.

ಇಂಪಾಲಾ ಅಥವಾ ಥಾಮ್ಸನ್ ಗಸೆಲ್ ಹಿಂಡು ತಲೆ ತಗ್ಗಿಸಿ ಮೇಯುತ್ತಿದ್ದರೆ ಅಲ್ಲಿ ಏನೂ ಇಲ್ಲ. ಹಿಂಡಿಗೆ ಹಿಂಡೇ ತಲೆ ಎತ್ತಿ ಒಂದೇ ಕಡೆ ನೋಡುತ್ತಾ ನಿಂತಿದ್ದರೆ, ಅವು ನೋಡುವ ಕಡೆಗೆ ದುರ್ಬೀನು ತಿರುಗಿಸಿ. ಜಿರಾಫೆ ಕಾಲು ಕದಲಿಸದೆ ಒಂದು ಪೊದೆಯನ್ನೇ ನೋಡುತ್ತಿದ್ದರೆ ಆ ಪೊದೆಯಲ್ಲಿ ಸಿಂಹ ಇರುವ ಸಾಧ್ಯತೆ ಹೆಚ್ಚು. ಅಷ್ಟು ಎತ್ತರದಿಂದ ಅದಕ್ಕೆ ಕಾಣುವುದು ನಮಗೆ ಕಾಣುವುದಿಲ್ಲ. ಟೋಪಿ ಅನ್ನುವ ಕಂದು ಬಣ್ಣದ ಹುಲ್ಲೆ ಹುತ್ತದ ಮೇಲೆ ಹತ್ತಿ ಕಾವಲುಗಾರನ ಥರ ನಿಲ್ಲುತ್ತದೆ. ಅದರ ಮೂತಿ ಎತ್ತ ಇದೆ ಅಂತ ನೋಡಿ.

ರಣಹದ್ದುಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬೆಳಗಿನ ಚಳಿಯಲ್ಲಿ ಅವು ಮರದ ಮೇಲೆ ಸುಮ್ನೆ ಕೂತಿರುತ್ತವೆ. ಕೆಳಗೆ ಹೆಣ ಇದೆ ಅಂತ ಅರ್ಥವಲ್ಲ. ದೊಡ್ಡ ರೆಕ್ಕೆಯ ಹಕ್ಕಿಗೆ ಮೇಲೇರಲು ಬಿಸಿ ಗಾಳಿ ಬೇಕು. ಅದಕ್ಕಾಗಿ ನೆಲ ಕಾಯುವುದನ್ನೇ ಕಾಯುತ್ತಿರುತ್ತವೆ. ಬಿಸಿಲೇರಿದ ಮೇಲೆ ಒಂದರ ಹಿಂದೆ ಒಂದು ಕಾಲು ಇಳಿಬಿಟ್ಟು ಕಡಿದಾಗಿ ನೆಲಕ್ಕೆ ಇಳಿಯುತ್ತಿದ್ದರೆ ಅಲ್ಲಿಗೆ ಹೋಗಿ. ಇಳಿದು ನೆಲದ ಮೇಲೆ ದೂರದಲ್ಲೇ ನಿಂತಿದ್ದರೆ ಸಿಂಹ ಇನ್ನೂ ಊಟ ಬಿಟ್ಟು ಎದ್ದಿಲ್ಲ.

ಒಂಟಿ ಹುತ್ತಗಳನ್ನು ಬಿಡದೆ ನೋಡಿ. ಚೀತಾ ಸುತ್ತ ನೋಡಲು ಹತ್ತಿ ಕೂರುವುದು ಅಲ್ಲೇ. ಚಿರತೆ ಬೇಕಿದ್ದರೆ ಬಯಲು ಬಿಟ್ಟು ತಾಲೆಕ್ ನದಿ, ಒಲಾರೆ ಒರೊಕ್ ತೊರೆಯಂಥ ಕಡೆ ಮರಗಳ ಸಾಲಿಗೆ ಹೋಗಬೇಕು. ಅತ್ತಿಯ ಜಾತಿಯ ಮರ, ಉದ್ದನೆ ಕಾಯಿ ತೂಗುವ ಸಾಸೇಜ್ ಮರ ಇವುಗಳ ಅಡ್ಡ ಕೊಂಬೆ ನೋಡಿ. ಮೈ ಕಾಣುವುದಿಲ್ಲ, ಕೆಳಗೆ ಜೋತುಬಿದ್ದ ಬಾಲ ಕಾಣುತ್ತದೆ. ಚೀತಾ ಮತ್ತು ಚಿರತೆ ಗುರುತಿಸುವುದು ಸುಲಭ. ಚೀತಾ ತೆಳ್ಳಗೆ, ಉದ್ದ ಕಾಲು, ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ, ಮೈಮೇಲೆ ತುಂಬಿದ ಚುಕ್ಕೆ. ಚಿರತೆ ದಪ್ಪ ಕತ್ತಿನದು, ಗೆರೆ ಇಲ್ಲ, ಚುಕ್ಕೆಗಳು ಒಳಗೆ ಖಾಲಿ ಇರುವ ಉಂಗುರದಂತೆ.

ಸಿಕ್ಕ ಮೇಲೆ ಏನು ಮಾಡಬೇಕು?

ಮೊದಲ ಕೆಲಸ: ಎಂಜಿನ್ ಆಫ್. ಎಂಜಿನ್ ನಿಂತರೆ ಗಾಡಿಯ ನಡುಕ ನಿಲ್ಲುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ಸಿಂಹಿಣಿ ಮರಿಗಳನ್ನು ಮೆಲ್ಲಗೆ ಕರೆಯುವ ದನಿ ಕೇಳಿಸುತ್ತದೆ.

ಮಾರಾದ ನಿಯಮ ಇದು: ಒಂದು ಪ್ರಾಣಿಯ ಸುತ್ತ ಒಮ್ಮೆಗೆ ಐದೇ ಗಾಡಿ. ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು. 25 ಮೀಟರ್‌ಗಿಂತ ಹತ್ತಿರ ಹೋಗಬಾರದು. ರಸ್ತೆ ಬಿಟ್ಟು ಇಳಿಯಬಾರದು. ಗಾಡಿಯ ತಾರಸಿ ಮೇಲೆ ಹತ್ತಬಾರದು. ಜುಲೈ, ಆಗಸ್ಟ್‌ನಲ್ಲಿ ಈ ನಿಯಮ ಮುರಿಯುವುದನ್ನು ಕಣ್ಣಾರೆ ನೋಡುತ್ತೀರಿ. ಒಂದು ಚೀತಾ ಸುತ್ತ ಇಪ್ಪತ್ತು ಗಾಡಿ ನಿಂತಿರುವುದೂ ಉಂಟು. ‘ಇನ್ನೂ ಸ್ವಲ್ಪ ಹತ್ತಿರ ಹೋಗಿ, ಟಿಪ್ಸ್ ಜಾಸ್ತಿ ಕೊಡುತ್ತೇವೆ’ ಅಂತ ನೀವು ಹೇಳಬೇಡಿ. ಹಾಗೆ ಹೇಳುವವರಲ್ಲಿ ನಮ್ಮ ದೇಶದವರೂ ಕಡಿಮೆ ಇಲ್ಲ.

ಚೀತಾ ವಿಷಯದಲ್ಲಿ ಇದು ಬರೀ ಶಿಷ್ಟಾಚಾರದ ಮಾತಲ್ಲ. ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಅದು ಹೆಚ್ಚಾಗಿ ಹಗಲಲ್ಲೇ ಬೇಟೆಯಾಡುತ್ತದೆ. ಅಂದರೆ ನಾವು ಓಡಾಡುವ ಹೊತ್ತಿನಲ್ಲೇ. ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರವಾಸಿಗರು ಕಡಿಮೆ ಇರುವ ಜಾಗದಲ್ಲಿ ತಾಯಿ ಚೀತಾ ಒಂದು ಸೂಲಿಗೆ ಸರಾಸರಿ 2.3 ಮರಿಗಳನ್ನು ದೊಡ್ಡವಾಗುವವರೆಗೆ ಉಳಿಸಿಕೊಂಡಿತ್ತು. ಪ್ರವಾಸಿಗರು ಕಿಕ್ಕಿರಿದ ಜಾಗದಲ್ಲಿ ಉಳಿಸಿಕೊಂಡಿದ್ದು ಸರಾಸರಿ 0.2. ಚೀತಾ ಬೇಟೆಗೆ ಹೊಂಚುತ್ತಿದ್ದರೆ ಅದಕ್ಕೂ ಬೇಟೆಗೂ ನಡುವೆ ಗಾಡಿ ತರಬೇಡಿ ಅಂತ ಡ್ರೈವರ್‌ಗೆ ನೀವೇ ಹೇಳಿ. ದೂರದಿಂದ ದುರ್ಬೀನಿನಲ್ಲಿ ನೋಡಿದರೂ ಆ ಓಟ ಓಟವೇ.

ಸಿಂಹದ ಗುಂಪು ಮಲಗಿದೆ, ಏನೂ ಮಾಡುತ್ತಿಲ್ಲ ಅಂತ ಹೊರಡುವ ಮುಂಚೆ ಮುಕ್ಕಾಲು ಗಂಟೆ ಕೊಡಿ. ಮೊದಲು ಎಲ್ಲವೂ ಒಂದೇ ರಾಶಿಯಂತೆ ಕಾಣುತ್ತವೆ. ಆಮೇಲೆ ಯಾರು ಯಾರ ಪಕ್ಕ ಮಲಗಿದ್ದಾರೆ, ಯಾವ ಮರಿ ಯಾರ ಹಾಲು ಕುಡಿಯುತ್ತದೆ, ಗಂಡು ಯಾಕೆ ದೂರ ಇದೆ ಅನ್ನುವುದು ಕಾಣತೊಡಗುತ್ತದೆ. ಸಿಂಹಿಣಿಯರು ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕೊಡುವುದುಂಟು. ಹತ್ತು ನಿಮಿಷಕ್ಕೆ ಎದ್ದು ಹೋದ ಗಾಡಿಯವರಿಗೆ ಇದು ಯಾವುದೂ ಕಾಣುವುದಿಲ್ಲ.

ಕತ್ತೆಕಿರುಬವನ್ನು ಕಂಡರೆ ಮೂಗು ಮುರಿಯಬೇಡಿ. ಸಿಂಹ ಬಿಟ್ಟ ಎಂಜಲು ತಿನ್ನುವ ಪ್ರಾಣಿ ಅನ್ನುವುದು ಅರ್ಧ ಸತ್ಯ. ತಾವು ತಿನ್ನುವುದರ ಬಹುಪಾಲನ್ನು ಅವೇ ಬೇಟೆಯಾಡುತ್ತವೆ. ಎಷ್ಟೋ ಸಲ ಅವುಗಳ ಬೇಟೆಯನ್ನು ಸಿಂಹವೇ ಕಿತ್ತುಕೊಳ್ಳುತ್ತದೆ. ಹೆಣ್ಣುಗಳದ್ದೇ ರಾಜ್ಯಭಾರ, ಗಂಡು ಎಲ್ಲರಿಗಿಂತ ಕೆಳಗೆ. ಮಾರಾದ ಕತ್ತೆಕಿರುಬಗಳ ಮೇಲೆ 1988ರಿಂದ ನಿರಂತರ ಸಂಶೋಧನೆ ನಡೆಯುತ್ತಿದೆ. ಬೆಳಗ್ಗೆ ಬಿಲದ ಬಾಯಿಯಲ್ಲಿ ಕಪ್ಪನೆ ಮರಿಗಳು ಆಡುವುದು ಸಿಕ್ಕರೆ ಬೇರೆಲ್ಲಾ ಬಿಟ್ಟು ಅಲ್ಲೇ ಕೂತುಬಿಡಿ.

ಆನೆ ಕಂಡರೆ ನಮಗೆ ಗೊತ್ತಿರುವ ಜಾಣತನವೇ ಇಲ್ಲಿಯೂ ಸಾಕು. ಕಿವಿ ಅಗಲಿಸಿ ತಲೆ ಕೊಡವಿದರೆ ಹಿಂದೆ ಸರಿಯಿರಿ. ಕೆನ್ನೆಯಲ್ಲಿ ಮದ ಸುರಿಯುತ್ತಿದ್ದರೆ ಮೊದಲೇ ಸರಿಯಿರಿ.

ಬೆಳಗಿನ ತಿಂಡಿ, ಬಾತ್‌ರೂಮ್, ಮಧ್ಯಾಹ್ನ

ಒಂಬತ್ತೂವರೆ ಹೊತ್ತಿಗೆ ಹಸಿವಾಗುತ್ತದೆ. ಡ್ರೈವರ್ ಸುತ್ತ ನೋಡಿ, ಪೊದೆ ಇಲ್ಲದ ತೆರೆದ ಜಾಗದಲ್ಲಿ ಮರದ ಕೆಳಗೆ ನಿಲ್ಲಿಸುತ್ತಾರೆ. ಅವರು ‘ಇಳಿಯಿರಿ’ ಅನ್ನುವವರೆಗೆ ಇಳಿಯಬೇಡಿ. ಇಳಿದ ಮೇಲೆ ಗಾಡಿಯಿಂದ ದೂರ ಹೋಗಬೇಡಿ. ವರ್ವೆಟ್ ಕೋತಿಗಳು ಇದ್ದರೆ ಚಪಾತಿ ಕೈಯಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳಿ.

ಬಾತ್‌ರೂಮ್ ವಿಷಯ ಯಾರೂ ಬರೆಯುವುದಿಲ್ಲ. ಶೌಚಾಲಯ ಇರುವುದು ಗೇಟು, ಲಾಡ್ಜ್, ಕೆಲವು ವಿಮಾನ ಪಟ್ಟಿಗಳ ಹತ್ತಿರ ಮಾತ್ರ. ಉಳಿದಂತೆ ಗಾಡಿಯ ಹಿಂಬದಿಯೇ ಗತಿ. ಅದಕ್ಕೆ ಹೆದರಿ ಹೆಂಗಸರು ಬೆಳಗ್ಗೆಯಿಂದ ನೀರೇ ಕುಡಿಯದೆ ಇದ್ದು ಮಧ್ಯಾಹ್ನ ತಲೆನೋವು ತಂದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಸಂಕೋಚ ಬಿಟ್ಟು ಡ್ರೈವರ್‌ಗೆ ಹೇಳಿ. ಅವರು ಜಾಗ ಪರೀಕ್ಷಿಸಿ, ಗಾಡಿ ಅಡ್ಡ ನಿಲ್ಲಿಸಿ, ತಾವು ಮುಂದೆ ಹೋಗಿ ನಿಲ್ಲುತ್ತಾರೆ. ಬಳಸಿದ ಟಿಶ್ಯೂ ಒಂದು ಕಾಗದದ ಚೀಲದಲ್ಲಿ ವಾಪಸ್ ತನ್ನಿ. ವಯಸ್ಸಾದವರು ಜೊತೆಗಿದ್ದರೆ, ಯಾವ ಹೊತ್ತಿಗೆ ಯಾವ ಲಾಡ್ಜ್ ಹತ್ತಿರ ಇರುತ್ತೇವೆ ಅಂತ ರಾತ್ರಿಯೇ ಗೊತ್ತುಮಾಡಿಕೊಳ್ಳಿ.

ಹನ್ನೊಂದರಿಂದ ಮೂರರವರೆಗೆ ಬಯಲು ಸಪ್ಪೆ. ಬಿಸಿಲಿಗೆ ಗಾಳಿ ನಡುಗುವುದರಿಂದ ದೂರದ ಫೋಟೊ ಮಸುಕಾಗುತ್ತವೆ. ಈ ಹೊತ್ತಿಗೆ ನದಿಗೆ ಹೋಗಿ. ರಾತ್ರಿಯೆಲ್ಲಾ ದಡದ ಮೇಲೆ ಹುಲ್ಲು ಮೇಯ್ದ ಹಿಪ್ಪೊಗಳು ಹಗಲಲ್ಲಿ ನೀರಲ್ಲಿ ಒತ್ತೊತ್ತಾಗಿ ಬಿದ್ದಿರುತ್ತವೆ. ಜಗಳ, ಗೊರಕೆ, ಆಕಳಿಕೆ ಎಲ್ಲಾ ಇರುತ್ತದೆ. ದಡದ ಮೇಲೆ ಬಾಯಿ ತೆರೆದ ಮೊಸಳೆ. ಹಕ್ಕಿ ಇಷ್ಟಪಡುವವರಿಗೆ ಇದೇ ಒಳ್ಳೆಯ ಹೊತ್ತು. ನಮ್ಮ ನೀಲಕಂಠದ ಬಳಗದ ಲೈಲಾಕ್ ರೋಲರ್ ಪ್ರತಿ ಒಣ ಕೊಂಬೆಯ ಮೇಲೂ ಇದೆ ಅನ್ನಿಸುತ್ತದೆ. ಹುಲ್ಲಲ್ಲಿ ಹಾವು ಹುಡುಕುತ್ತಾ ಉದ್ದ ಕಾಲಿನಲ್ಲಿ ನಡೆಯುವ ಸೆಕ್ರೆಟರಿ ಹಕ್ಕಿ ಕೂಡ ಸಿಗಬಹುದು.

ಜುಲೈಯಿಂದ ಅಕ್ಟೋಬರ್: ನದಿ ದಾಟುವುದನ್ನು ಕಾಯುವುದು

ಈ ತಿಂಗಳುಗಳಲ್ಲಿ ಹೋದವರ ದಿನದ ಲೆಕ್ಕವೇ ಬೇರೆ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗಸೆಲ್‌ಗಳು ವರ್ಷವಿಡೀ ಸೆರೆಂಗೆಟಿ-ಮಾರಾದಲ್ಲಿ ಮಳೆ ಹುಲ್ಲಿನ ಹಿಂದೆ ಸುತ್ತುತ್ತಿರುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಈ ಸಮಯಕ್ಕೆ ಮಾರಾ ನದಿಯ ಹತ್ತಿರ ಇರುತ್ತದೆ. ಒಂದೇ ಸಲ ದಾಟಿ ಮುಗಿಸುವುದಿಲ್ಲ. ಆಚೆ ಮಳೆ ಬಿತ್ತು ಅಂತ ಆಚೆ, ಈಚೆ ಚಿಗುರಿತು ಅಂತ ಈಚೆ, ಹೀಗೆ ಹಲವು ಸಲ ದಾಟುತ್ತವೆ.

ಯಾವತ್ತು, ಎಷ್ಟು ಹೊತ್ತಿಗೆ ಅಂತ ಯಾರೂ ಹೇಳಲಾರರು. ‘ನಾಳೆ ಖಂಡಿತ ತೋರಿಸುತ್ತೇವೆ’ ಅನ್ನುವವರನ್ನು ನಂಬಬೇಡಿ. ಹಿಂಡು ದಡಕ್ಕೆ ಬರುತ್ತದೆ. ಮುಂದಿನವು ನೀರು ಮೂಸುತ್ತವೆ. ಹಿಂದಿನಿಂದ ತಳ್ಳಾಟ. ಇನ್ನೇನು ಇಳಿಯಿತು ಅನ್ನುವಾಗ ಒಂದು ಜೀಬ್ರಾ ಬೆದರುತ್ತದೆ, ಇಡೀ ಹಿಂಡು ಧೂಳೆಬ್ಬಿಸಿ ವಾಪಸ್ ಓಡುತ್ತದೆ. ಇದೇ ಆಟ ನಾಲ್ಕು ಗಂಟೆ ನಡೆದು ಕೊನೆಗೆ ದಾಟದೆಯೂ ಹೋಗಬಹುದು. ಆದ್ದರಿಂದ ದಾಟುವುದನ್ನು ನೋಡಲೇಬೇಕು ಅಂತಿದ್ದರೆ ಆ ದಿನ ಬೇರೆ ಆಸೆ ಇಟ್ಟುಕೊಳ್ಳಬೇಡಿ. ನೀರು, ಬುತ್ತಿ, ಟೋಪಿ, ಕೂರುವ ತಾಳ್ಮೆ ಇದ್ದರೆ ಸಾಕು.

ಕಾಯುವಾಗ ದಡದಿಂದ ದೂರ ನಿಲ್ಲಬೇಕು. ಪ್ರಾಣಿಗಳು ಇಳಿಯುವ ದಾರಿಯನ್ನೂ ಹತ್ತುವ ದಾರಿಯನ್ನೂ ಗಾಡಿ ಮುಚ್ಚಬಾರದು. ಮೊದಲ ಸಾಲು ನೀರಿಗೆ ಬಿದ್ದು ಹಿಂದಿನವು ಹರಿದು ಬರತೊಡಗಿದ ಮೇಲೆ ಮೆಲ್ಲಗೆ ಮುಂದೆ ಹೋಗಬಹುದು. ಬೆಳಕಿನ ಲೆಕ್ಕವೂ ಇದೆ. ಪೂರ್ವ ದಡದಲ್ಲಿ ನಿಂತವರಿಗೆ ಬೆಳಗ್ಗೆ ಸೂರ್ಯ ಬೆನ್ನಿಗೆ ಇರುತ್ತಾನೆ. ಟ್ರಯಾಂಗಲ್ ಇರುವ ಪಶ್ಚಿಮ ದಡದವರಿಗೆ ಮಧ್ಯಾಹ್ನದ ಮೇಲೆ ಒಳ್ಳೆಯ ಬೆಳಕು.

ನೋಡುವುದು ಕಷ್ಟ ಅನ್ನಿಸಬಹುದು, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ವರ್ಷಕ್ಕೆ ಸರಾಸರಿ 6,250ರಷ್ಟು ವೈಲ್ಡ್‌ಬೀಸ್ಟ್‌ಗಳ ಹೆಣ ಈ ನದಿ ಸೇರುತ್ತದೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬಹುಪಾಲು ಸಾಯುವುದು ಮೊಸಳೆಯ ಬಾಯಿಗೆ ಸಿಕ್ಕಿ ಅಲ್ಲ. ನೂಕುನುಗ್ಗಲಲ್ಲಿ ಮುಳುಗಿ, ಕಡಿದಾದ ದಡ ಹತ್ತಲಾಗದೆ ಸಾಯುತ್ತವೆ. ಮೀನು, ರಣಹದ್ದು, ಮರಬು ಕೊಕ್ಕರೆ ಎಲ್ಲವೂ ಅದರಿಂದ ಬದುಕುತ್ತವೆ. ಮೂಳೆಯ ಸಾರ ಮಾತ್ರ ವರ್ಷಗಟ್ಟಲೆ ನೀರಿಗೆ ಬಿಡುತ್ತಾ ಹೋಗುತ್ತದೆ.

ಫೋಟೊ ತೆಗೆಯುವವರಿಗೆ ಎರಡು ಮಾತು

400 ಮಿಲಿಮೀಟರ್‌ವರೆಗೆ ಹೋಗುವ ಜೂಮ್ ಲೆನ್ಸ್ ಒಂದಿದ್ದರೆ ಸಾಕು. ಟ್ರೈಪಾಡ್ ಗಾಡಿಯಲ್ಲಿ ದಂಡ. ಸಣ್ಣ ಬಟ್ಟೆ ಚೀಲ ಒಯ್ದು, ಕ್ಯಾಂಪಿನಲ್ಲಿ ಅಕ್ಕಿ ಅಥವಾ ಬೀನ್ಸ್ ತುಂಬಿಸಿ ಕಿಟಕಿ ಮೇಲೆ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿ. ಬಯಲಲ್ಲಿ ಲೆನ್ಸ್ ಬದಲಾಯಿಸಬೇಡಿ, ಧೂಳು ಕ್ಯಾಮೆರಾದ ಒಳಗೆ ಹೋಗುತ್ತದೆ. ಮೊಬೈಲ್ ಮಾತ್ರ ಇರುವವರು ಆ ದುಡ್ಡಲ್ಲಿ 8x42 ದುರ್ಬೀನು ಕೊಳ್ಳಿ. ತಲೆಗೊಂದು ಇದ್ದರೆ ಒಳ್ಳೆಯದು. ಒಂದೇ ದುರ್ಬೀನನ್ನು ನಾಲ್ಕು ಜನ ಕೈ ಬದಲಾಯಿಸುವಷ್ಟರಲ್ಲಿ ಚಿರತೆ ಇಳಿದು ಹೋಗಿರುತ್ತದೆ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಬರುವವರಿಗೆ ಸಾಮಾನು 15 ಕೆಜಿಯಷ್ಟೇ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಕ್ಯಾಮೆರಾ ತೂಕವೂ ಅದರಲ್ಲೇ ಸೇರುತ್ತದೆ.

3:30ರಿಂದ ಕತ್ತಲಾಗುವವರೆಗೆ

ಬೆಳಗ್ಗೆ ಸಿಂಹದ ಗುಂಪು ಎಲ್ಲಿ ಮಲಗಿತ್ತು ಅನ್ನುವುದು ನಿಮಗೆ ಗೊತ್ತಿದೆ. ನಾಲ್ಕೂವರೆ ಹೊತ್ತಿಗೆ ಅಲ್ಲಿಗೇ ವಾಪಸ್ ಹೋಗಿ. ಹೊಸದು ಹುಡುಕುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಬಿಸಿಲಲ್ಲಿ ಅವು ದೂರ ಹೋಗಿರುವುದಿಲ್ಲ. ಐದೂವರೆ ಆಗುತ್ತಿದ್ದಂತೆ ಒಂದು ಎದ್ದು ಮೈಮುರಿಯುತ್ತದೆ, ಇನ್ನೊಂದಕ್ಕೆ ತಲೆ ಉಜ್ಜುತ್ತದೆ, ಮರಿಗಳು ಬಾಲ ಎಳೆಯುತ್ತವೆ. ಬೇಟೆಗೆ ಹೊರಡುವ ತಯಾರಿ ಅದು. ಹಗಲಲ್ಲಿ ಸಿಂಹ ಇಷ್ಟು ಚುರುಕಾಗಿ ಇರುವುದು ಅಪರೂಪ.

ಆದರೆ ಗಡಿಯಾರ ನೋಡುತ್ತಿರಿ. ಟಿಕೆಟ್ ಆರಕ್ಕೆ ಮುಗಿಯುತ್ತದೆ, ಒಳಗೆ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್. ಗೇಟಿನಿಂದ ಎಷ್ಟು ದೂರ ಇದ್ದೀರಿ ಅನ್ನುವ ಲೆಕ್ಕ ಡ್ರೈವರ್‌ಗೆ ಬಿಡಿ. ಅವರು ‘ಹೊರಡೋಣ’ ಅಂದಾಗ ‘ಇನ್ನು ಐದು ನಿಮಿಷ’ ಅಂತ ಹಟ ಹಿಡಿದರೆ ದಂಡ ಕಟ್ಟುವವರು ಅವರು. ಕನ್ಸರ್ವೆನ್ಸಿಯಲ್ಲಿ ಉಳಿದವರಿಗೆ ಈ ತಲೆಬಿಸಿ ಇಲ್ಲ. ಕತ್ತಲಾದ ಮೇಲೆ ಕೆಂಪು ದೀಪ ಹಾಕಿಕೊಂಡು ಮತ್ತೆ ಹೋಗಬಹುದು. ಕಪ್ಪೆಗಣ್ಣಿನ ಬುಶ್‌ಬೇಬಿ ಅನ್ನುವ ಪುಟ್ಟ ಪ್ರಾಣಿ, ನೆಗೆಯುವ ಮೊಲ, ಪುನುಗಿನ ಬೆಕ್ಕು ಆಗ ಸಿಗುತ್ತವೆ.

ಹೆಚ್ಚಿನ ಕ್ಯಾಂಪುಗಳಿಗೆ ಬೇಲಿ ಇರುವುದಿಲ್ಲ. ಕತ್ತಲಾದ ಮೇಲೆ ಟೆಂಟಿನಿಂದ ಊಟದ ಜಾಗಕ್ಕೆ ಒಬ್ಬರೇ ನಡೆಯಬೇಡಿ, ಎಷ್ಟೇ ಹತ್ತಿರ ಇದ್ದರೂ. ಟಾರ್ಚ್ ಆಡಿಸಿದರೆ ಅಸ್ಕಾರಿ, ಅಂದರೆ ಕಾವಲುಗಾರ, ಬಂದು ಕರೆದುಕೊಂಡು ಹೋಗುತ್ತಾರೆ. ಹಿಪ್ಪೊ ಮೇಯಲು ಬರುವುದು ಇದೇ ದಾರಿಯಲ್ಲಿ. ಟೆಂಟಿನ ಜಿಪ್ ಪೂರ್ತಿ ಎಳೆಯಿರಿ, ಒಳಗೆ ತಿಂಡಿ ಇಡಬೇಡಿ. ಕೋತಿಗಳಿಗೆ ಜಿಪ್ ತೆಗೆಯಲು ಬರುತ್ತದೆ.

ಟಿಪ್ಸ್ ದಿನದಿನ ಕೊಡಬೇಕಿಲ್ಲ. ಹೊರಡುವ ದಿನ ಒಟ್ಟಿಗೆ ಕೊಡಬಹುದು. ಡ್ರೈವರ್-ಗೈಡ್‌ಗೆ ತಲೆಗೆ ದಿನಕ್ಕೆ 10 ಡಾಲರ್ ಅಂದಾಜು ಇಟ್ಟುಕೊಳ್ಳಿ, ಚೆನ್ನಾಗಿ ತೋರಿಸಿದವರಿಗೆ ಅದಕ್ಕಿಂತ ಹೆಚ್ಚು. ಕೀನ್ಯಾ ಶಿಲ್ಲಿಂಗ್‌ನಲ್ಲಿ ಕೊಟ್ಟರೆ ಅವರಿಗೆ ಅನುಕೂಲ. ಹರಿದ, ಹಳೆಯ ಡಾಲರ್ ನೋಟನ್ನು ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಅಡುಗೆಯವರು, ಟೆಂಟ್ ನೋಡಿಕೊಳ್ಳುವವರು, ಅಸ್ಕಾರಿ ಇವರೆಲ್ಲರಿಗೂ ಸೇರಿ ಸ್ವಾಗತದ ಟೇಬಲ್ ಹತ್ತಿರ ಒಂದು ಪೆಟ್ಟಿಗೆ ಇರುತ್ತದೆ. ಅವರ ಪಾಲನ್ನು ಅದರಲ್ಲಿ ಹಾಕಿ.